ಹಳೆ ಫೋರ್ ವೀಲ್ ಗಾಡಿಯಲ್ಲಿ ಟಕ್ ಸದ್ದು, ನಡುಕ: ಕ್ರೌನ್ ಬಿಚ್ಚಿಸುವ ಮೊದಲು ಶಾಫ್ಟ್ ನೋಡಿ

ಕ್ಲಚ್ ಬಿಡುತ್ತಿದ್ದ ಹಾಗೆ ಸೀಟಿನ ಕೆಳಗೆಲ್ಲೋ 'ಟಕ್' ಅಂತ ಒಂದು ಏಟು. ರಿವರ್ಸ್ ಹಾಕಿದರೆ ಇನ್ನೊಂದು. ಐವತ್ತು ಅರವತ್ತರ ಸ್ಪೀಡಿಗೆ ಬಂದರೆ ನೆಲದ ತಗಡೆಲ್ಲ ನಡುಗುತ್ತದೆ. ಶ್ರೀನಿವಾಸಪುರ, ಮುಳಬಾಗಿಲು ಕಡೆ ತೋಟಗಳಲ್ಲಿ ಇನ್ನೂ ದುಡಿಯುತ್ತಿರುವ ಹಳೆ ಜಿಪ್ಸಿ, ಮಹೀಂದ್ರಾ ಜೀಪುಗಳಲ್ಲಿ ಇದು ಮಾಮೂಲಿ ಕಾಯಿಲೆ. ಗ್ಯಾರೇಜಿಗೆ ತಗೊಂಡು ಹೋದರೆ ಬಹಳ ಸಲ ಸಿಗುವ ಉತ್ತರವೂ ಮಾಮೂಲಿ: "ಅಣ್ಣಾ, ಕ್ರೌನ್ ಹೋಗಿದೆ, ಇಳಿಸ್ಬೇಕು."

ಇಳಿಸಬೇಡಿ. ಕ್ರೌನ್ ಪಿನಿಯನ್ (ಆಕ್ಸಲಿನ ಒಳಗೆ ಶಾಫ್ಟಿನ ಬಲವನ್ನು ಚಕ್ರದ ಕಡೆ ತಿರುಗಿಸುವ ಗೇರ್ ಜೋಡಿ) ಹೋಗಿದ್ದರೂ ಹೋಗಿರಬಹುದು, ಇಲ್ಲ ಅನ್ನುತ್ತಿಲ್ಲ. ಆದರೆ ಅದನ್ನು ಬಿಚ್ಚುವುದು ಕೊನೆಯ ಕೆಲಸ. ಪಾರ್ಟ್ ಟೈಮ್ ಫೋರ್ ವೀಲ್ ಗಾಡಿಯಲ್ಲಿ, ಅಂದರೆ ಬೇಕಾದಾಗ ಮಾತ್ರ ನಾಲ್ಕೂ ಚಕ್ರಕ್ಕೆ ಬಲ ಕೊಡುವ ಗಾಡಿಯಲ್ಲಿ, ಒಂದು ದೊಡ್ಡ ಅನುಕೂಲ ಇದೆ. ಆಕ್ಸಲಿಗೆ ಬಲ ಒಯ್ಯುವ ಮುಂದಿನ ಶಾಫ್ಟ್ ಬಿಚ್ಚಿಟ್ಟು ಹಿಂದಿನದರಲ್ಲಿ ಓಡಿಸಬಹುದು, ಹಿಂದಿನದು ಬಿಚ್ಚಿಟ್ಟು ಮುಂದಿನದರಲ್ಲೂ ಓಡಿಸಬಹುದು. ಕಾರಿನವರಿಗೆ ಈ ಭಾಗ್ಯ ಇಲ್ಲ. ಸದ್ದು ಯಾವ ಕಡೆಯದು ಅಂತ ಗಾಡಿಯೇ ಹೇಳುವಾಗ ಊಹೆ ಮೇಲೆ ಸಾಮಾನು ತರುವುದು ಯಾಕೆ?

ಮೊದಲು ಕೆಳಗೆ ಏನೇನಿದೆ ಅಂತ ತಿಳಿದಿರಲಿ. ಹಳೆ ಮಹೀಂದ್ರಾ ಜೀಪಿನಲ್ಲಿ ಟ್ರಾನ್ಸ್‌ಫರ್ ಕೇಸ್ (ಬಲವನ್ನು ಮುಂದಿನ, ಹಿಂದಿನ ಆಕ್ಸಲಿಗೆ ಹಂಚುವ ಪೆಟ್ಟಿಗೆ) ಗೇರ್ ಬಾಕ್ಸಿಗೇ ಅಂಟಿಕೊಂಡಿರುತ್ತದೆ. ಅಲ್ಲಿಂದ ಮುಂದಕ್ಕೊಂದು, ಹಿಂದಕ್ಕೊಂದು ಪ್ರೊಪೆಲ್ಲರ್ ಶಾಫ್ಟ್, ಒಟ್ಟು ನಾಲ್ಕು ಕ್ರಾಸ್ (ಶಾಫ್ಟ್ ಓರೆಯಾಗಿ ತಿರುಗಲು ಬಿಡುವ ಯೂನಿವರ್ಸಲ್ ಜಾಯಿಂಟ್). ಜಿಪ್ಸಿಯಲ್ಲಿ ಟ್ರಾನ್ಸ್‌ಫರ್ ಕೇಸ್ ಬೇರೆಯಾಗಿ ಗಾಡಿಯ ನಡುವೆ ಕೂತಿದೆ. ಗೇರ್ ಬಾಕ್ಸಿನಿಂದ ಅದಕ್ಕೆ ಇನ್ನೊಂದು ಗಿಡ್ಡ ಶಾಫ್ಟ್ ಬರುತ್ತದೆ. ಹಾಗಾಗಿ ಮೂರು ಶಾಫ್ಟ್, ಆರು ಕ್ರಾಸ್. ಈ ಗಿಡ್ಡ ಶಾಫ್ಟನ್ನು ಎಲ್ಲರೂ ಮರೆಯುತ್ತಾರೆ. ಹಿಂದಿನದಕ್ಕೆ ಹೊಸ ಕ್ರಾಸ್ ಹಾಕಿಸಿ, 'ಸದ್ದು ಹಾಗೇ ಇದೆಯಲ್ಲ' ಅಂತ ತಲೆ ಕೆಡಿಸಿಕೊಂಡವರು ಬೇಕಾದಷ್ಟು ಜನ ಇದ್ದಾರೆ.

ಸದ್ದು ಏನು ಹೇಳುತ್ತಿದೆ

ಎಲ್ಲ ಸದ್ದೂ ಒಂದೇ ಅಲ್ಲ. ಗಾಡಿ ಎಳೆಯುವಾಗ, ಬಿಡುವಾಗ ಒಂದೇ ಏಟು 'ಟಕ್' ಅಂದರೆ ಎಲ್ಲೋ ಪ್ಲೇ, ಅಂದರೆ ಸಡಿಲ, ಇದೆ: ಕ್ರಾಸು, ಸ್ಪ್ಲೈನು (ಶಾಫ್ಟ್ ಉದ್ದಕ್ಕೆ ಜಾರುವ ಹಲ್ಲಿನ ಜೋಡಣೆ), ಫ್ಲೇಂಜ್ (ಶಾಫ್ಟ್ ತುದಿಯ ಬಿಲ್ಲೆ) ಬೋಲ್ಟು, ಇಲ್ಲವೇ ಹರಿದ ಮೌಂಟಿಂಗು. ನಿಧಾನ ಹೋಗುವಾಗ ಚಕ್ರದ ಜೊತೆಗೇ 'ಕಿಚ್ ಕಿಚ್ ಕಿಚ್' ಅಂತ ಬಂದು, ಸ್ಪೀಡು ಏರಿದ ಹಾಗೆ ಬೇಗಬೇಗ ಆದರೆ ಗ್ರೀಸ್ ಒಣಗಿದ ಕ್ರಾಸ್. ಇದು ಒಳ್ಳೆಯ ಸುದ್ದಿ, ಬೇಗ ಸಿಕ್ಕಿಬಿದ್ದಿದೆ. ಆಕ್ಸಿಲರೇಟರ್ ಒತ್ತಿದರೆ ಒಂದು ಥರ, ಬಿಟ್ಟರೆ ಇನ್ನೊಂದು ಥರ 'ಗುಂಯ್' ಅಂತ ಊಳಿಟ್ಟರೆ ಮಾತ್ರ ಕ್ರೌನ್ ಪಿನಿಯನ್ ಮೇಲೆ ಅನುಮಾನ ಪಡಿ. ಫೋರ್ ವೀಲ್ ಹಾಕಿ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಮುಂದಿನಿಂದ 'ಕಟ ಕಟ ಕಟ' ಅಂದರೆ ಅದು ಮುಂದಿನ ಆಕ್ಸಲ್ ತುದಿಯ ಜಾಯಿಂಟ್. ಅದರ ಬಗ್ಗೆ ಆಮೇಲೆ.

ನಡುಕದ್ದು ಬೇರೆ ಕಥೆ. ಚಕ್ರದ ಬ್ಯಾಲೆನ್ಸ್ ತಪ್ಪಿದರೂ ನಡುಗುತ್ತದೆ, ಶಾಫ್ಟ್ ಕೆಟ್ಟರೂ ನಡುಗುತ್ತದೆ. ವ್ಯತ್ಯಾಸ ಹೀಗೆ ತಿಳಿಯುತ್ತದೆ. ಜಿಪ್ಸಿಯಂಥ ಗಾಡಿ 60 ಕಿಲೋಮೀಟರ್ ಸ್ಪೀಡಿನಲ್ಲಿ ಹೋಗುವಾಗ ಚಕ್ರ ಸೆಕೆಂಡಿಗೆ ಸುಮಾರು 8 ಸುತ್ತು ಹೊಡೆಯುತ್ತದೆ. ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಶಾಫ್ಟ್ ಹೆಚ್ಚುಕಮ್ಮಿ 4 ಸುತ್ತು ಹೊಡೆದಿರುತ್ತದೆ, ಕೆಲವು ಹಳೆ ಜೀಪುಗಳಲ್ಲಿ 5ಕ್ಕೂ ಜಾಸ್ತಿ. ಅಂದರೆ ಸೆಕೆಂಡಿಗೆ 30ರ ಮೇಲೆ. ಹಾಗಾಗಿ ಚಕ್ರದ ನಡುಕ ದಪ್ಪಗೆ, ಸ್ಟೇರಿಂಗ್ ಕೈಗೆ ಬಡಿದ ಹಾಗೆ ಬರುತ್ತದೆ. ಶಾಫ್ಟಿನದು ಸಣ್ಣಗೆ, ಜುಮ್ ಅಂತ ಸೀಟಿಗೂ ನೆಲಕ್ಕೂ ಬರುತ್ತದೆ.

ಇದನ್ನು ಖಚಿತ ಮಾಡಿಕೊಳ್ಳಲು ಕೋಲಾರದಿಂದ ಮುಳಬಾಗಿಲಿನ ಕಡೆ ಎನ್‌ಎಚ್ 75ರಂಥ ನೇರ ರಸ್ತೆ ಬೇಕು, ಬೆಳಗ್ಗೆ ಬೇಗ, ಹಿಂದೆ ಗಾಡಿ ಇಲ್ಲದಾಗ. ನಡುಕ ಶುರುವಾಗುವ ಸ್ಪೀಡು ನೋಡಿಕೊಳ್ಳಿ. ಅದೇ ಸ್ಪೀಡನ್ನು ಮೂರನೇ ಗೇರಿನಲ್ಲೂ ನಾಲ್ಕನೇ ಗೇರಿನಲ್ಲೂ ಹಿಡಿಯಿರಿ, ಆಮೇಲೆ ನ್ಯೂಟ್ರಲ್ ಮಾಡಿ ಸುಮ್ನೆ ಉರುಳಲು ಬಿಡಿ. ಮೂರು ಸಲವೂ ನಡುಗಿದರೆ ಎಂಜಿನ್ನಿಗೂ ಕ್ಲಚ್ಚಿಗೂ ಸಂಬಂಧವಿಲ್ಲ, ಗೇರ್ ಬಾಕ್ಸಿನಿಂದ ಹಿಂದಕ್ಕೆ ಹುಡುಕಿ. ಗೇರ್ ಬದಲಾದಾಗ ನಡುಕವೂ ಬದಲಾದರೆ ಶಾಫ್ಟನ್ನು ಬಿಟ್ಟುಬಿಡಿ, ಎಂಜಿನ್ ಮೌಂಟಿಂಗ್ ನೋಡಿ.

ಕೆಳಗೆ ನುಗ್ಗುವ ಮೊದಲು ತೊಳೆಯಿರಿ

ತಮಾಷೆಗೆ ಹೇಳುತ್ತಿಲ್ಲ. ಕೆರೆ ಅಂಗಳದ ಜೇಡಿಮಣ್ಣು ಶಾಫ್ಟಿನ ಒಂದು ಪಕ್ಕಕ್ಕೆ ಮೆತ್ತಿ ಒಣಗಿದರೆ ಸಾಕು, ಮಾರನೇ ದಿನ ಟಾರ್ ರಸ್ತೆಯಲ್ಲಿ ಗಾಡಿ ನಡುಗುತ್ತದೆ. ನೀರು ಬಿಟ್ಟು ತೊಳೆದರೆ ಅಲ್ಲಿಗೇ ಮುಗಿಯುವುದೂ ಉಂಟು.

ನಮ್ಮ ಕೋಲಾರ ಜಿಲ್ಲೆಯಲ್ಲಿ ಈಗ ನೀರಿನ ವಿಷಯವನ್ನೂ ಸೇರಿಸಿಕೊಂಡು ಯೋಚಿಸಬೇಕು. 2018ರಿಂದ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಬರುತ್ತಿದೆ. ವರ್ಷಗಟ್ಟಲೆ ಒಣಗಿದ್ದ ಎಷ್ಟೋ ಕೆರೆಗಳಲ್ಲಿ ಈಗ ನೀರಿದೆ, ಮಳೆ ಜೋರಾದರೆ ಕೋಡಿಯೂ ಹರಿಯುತ್ತದೆ. ಬರೀ ದೂಳಿನಲ್ಲಿ ಓಡುತ್ತಿದ್ದ ಗಾಡಿ ಈಗ ಕೋಡಿ ನೀರಿಗೂ ಇಳಿಯುತ್ತದೆ. ಓಡಿ ಬಿಸಿಯಾದ ಕ್ರಾಸ್ ತಣ್ಣೀರಿಗೆ ಬಿದ್ದರೆ ಹಳೆ ಸೀಲು ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಗ್ರೀಸ್ ಹೋಗುತ್ತದೆ, ಒಳಗಿನ ನೀಡಲ್ (ಸೂಜಿಯಂಥ ಬೇರಿಂಗ್ ಕಡ್ಡಿಗಳು) ತುಕ್ಕು ಹಿಡಿಯುತ್ತದೆ. ಮೊದಲು ಯಾವಾಗಲೋ ಒಮ್ಮೆ ಗ್ರೀಸ್ ಹೊಡೆದರೆ ನಡೆಯುತ್ತಿತ್ತು, ಈಗ ನೀರಿಗೆ ಇಳಿದು ಬಂದಾಗಲೆಲ್ಲ ಹೊಡೆಯಬೇಕು.

ತೊಳೆದು ಒಣಗಿದ ಮೇಲೆ ಟಾರ್ಚ್ ಹಿಡಿದು ಕ್ರಾಸಿನ ನಾಲ್ಕು ತುದಿಗೆ ಟೋಪಿಯಂತೆ ಕೂತ ಕಪ್‌ಗಳ ಸುತ್ತ ನೋಡಿ. ಒಳಗೆ ನೀಡಲ್ ಒಣಗಿ ಉಜ್ಜುತ್ತಿದ್ದರೆ ಸೀಲಿನ ಅಂಚಿನಲ್ಲಿ ಕುಂಕುಮದಂಥ ನುಣುಪು ಪುಡಿ ಬಂದಿರುತ್ತದೆ. ಕೋಲಾರದ ಕೆಂಪು ಮಣ್ಣಿನಲ್ಲಿ ಇದನ್ನು ಗುರುತಿಸುವುದೇ ಕಷ್ಟ, ಎರಡೂ ಒಂದೇ ಬಣ್ಣ! ಅದಕ್ಕೇ ತೊಳೆಯಿರಿ ಅಂದಿದ್ದು. ಚೆನ್ನಾಗಿ ಒರೆಸಿ, ಒಂದೆರಡು ದಿನ ಟಾರ್ ರಸ್ತೆಯಲ್ಲೇ ಓಡಿಸಿ ಮತ್ತೆ ನೋಡಿ. ಮಣ್ಣಾದರೆ ಎಲ್ಲ ಕಡೆ ಕೂತಿರುತ್ತದೆ. ತುಕ್ಕಾದರೆ ಒಂದೇ ಕಪ್ಪಿನ ಬಾಯಿಂದ ಹೊರಗೆ ಚಿಮ್ಮಿದ ಗೆರೆ ಇರುತ್ತದೆ. ಶಾಫ್ಟಿನ ನೇರಕ್ಕೆ ನೆಲದ ತಗಡಿನ ಮೇಲೂ ಗ್ರೀಸ್ ಸಿಡಿದ ಗೆರೆ ಕಂಡರೆ ಆ ಕ್ರಾಸಿನ ಸೀಲ್ ಹೋಗಿದೆ ಅಂತ ಅರ್ಥ.

ಹಾಗೇ ಶಾಫ್ಟಿನ ಪೈಪ್ ಮೇಲೆ ಕೈ ಆಡಿಸಿ. ಕಲ್ಲು ಹೊಡೆದು ತಗ್ಗಾಗಿದೆಯಾ? ಬ್ಯಾಲೆನ್ಸಿಗೆ ಅಂತ ಬೆಸೆದಿರುವ ಸಣ್ಣ ತಗಡಿನ ತುಂಡು ಇರುತ್ತದೆ, ಅದು ಬಿದ್ದುಹೋದ ಗುರುತು ಇದೆಯಾ? ಫ್ಲೇಂಜಿನ ಬೋಲ್ಟಿಗೆಲ್ಲ ಒಮ್ಮೆ ಸ್ಪಾನರ್ ಕೊಡಿ. ಸಡಿಲ ಬೋಲ್ಟು ಮಾಡುವ ಸದ್ದು ಕೆಟ್ಟ ಕ್ರಾಸಿನ ಸದ್ದಿನ ಹಾಗೇ ಇರುತ್ತದೆ. ಹಿಂದಿನ ಸ್ಪ್ರಿಂಗಿನ ಯು ಬೋಲ್ಟ್, ಟ್ರಾನ್ಸ್‌ಫರ್ ಕೇಸಿನ ರಬ್ಬರ್ ಮೌಂಟಿಂಗ್ ಕೂಡ ಈಗಲೇ ನೋಡಿಬಿಡಿ. ಒಂದು ಲಿವರ್ ಕೊಟ್ಟು ಎತ್ತಿದರೆ ರಬ್ಬರ್ ಬಾಯಿ ಬಿಡುವುದು ಕಣ್ಣಿಗೇ ಕಾಣುತ್ತದೆ.

ಕೈಯಲ್ಲಿ ಹಿಡಿದು ನೋಡುವುದು

ಈ ಗಾಡಿಗಳು ಎತ್ತರ ಇರುವುದರಿಂದ ಜಾಕಿ ಇಲ್ಲದೆಯೇ ಕೆಳಗೆ ಹೋಗಬಹುದು. ಸಮತಟ್ಟು ನೆಲ, ನಾಲ್ಕೂ ಚಕ್ರಕ್ಕೆ ಕಲ್ಲು, ಕೀ ನಿಮ್ಮ ಜೇಬಿನಲ್ಲಿ. ಗೇರಿನಲ್ಲಿ ನಿಲ್ಲಿಸಿ. ಈಗ ಶಾಫ್ಟಿನ ಒಂದು ತುದಿ ಗೇರಿಗೆ ಕಚ್ಚಿಕೊಂಡಿದೆ, ಇನ್ನೊಂದು ತುದಿ ಚಕ್ರಕ್ಕೆ. ಎರಡು ಕೈಯಲ್ಲಿ ಶಾಫ್ಟ್ ಹಿಡಿದು ಹಿಂದೆ ಮುಂದೆ ತಿರುಗಿಸಿ. ಸ್ವಲ್ಪ ತಿರುಗುತ್ತದೆ, ಹಳೆ ಗಾಡಿ ಅಲ್ವಾ. ನೀವು ನೋಡಬೇಕಾದ್ದು ಎಷ್ಟು ತಿರುಗಿತು ಅಂತಲ್ಲ, ಎಲ್ಲಿ ತಿರುಗಿತು ಅಂತ. ಇನ್ನೊಬ್ಬರು ತಿರುಗಿಸುತ್ತಿರಲಿ, ನೀವು ಒಂದೊಂದು ಜಾಯಿಂಟ್ ಮೇಲೂ ಬೆರಳಿಟ್ಟು ನೋಡಿ. ಕ್ರಾಸಿನ ಈಚೆ ಯೋಕ್ (ಕ್ರಾಸನ್ನು ಹಿಡಿದಿರುವ ಎರಡು ಕಿವಿಯ ಕವೆ) ಅಲ್ಲಾಡಿ ಆಚೆ ಯೋಕ್ ಸುಮ್ಮನಿದ್ದರೆ ಕ್ರಾಸ್ ಹೋಗಿದೆ, ಕ್ರಾಸಿನಲ್ಲಿ ಪ್ಲೇ ಅನ್ನುವುದು ಒಂದಿಷ್ಟೂ ಇರಬಾರದು. ಎರಡೂ ಯೋಕ್ ಒಟ್ಟಿಗೇ ತಿರುಗಿ ಪಿನಿಯನ್ ಫ್ಲೇಂಜೂ ಜೊತೆಗೆ ತಿರುಗಿದರೆ ಪ್ಲೇ ಇರುವುದು ಕ್ರೌನಿನ ಒಳಗೆ. ಅಲ್ಲಿ ಸ್ವಲ್ಪ ಇರಲೇಬೇಕು.

ಆಮೇಲೆ ಸ್ಲಿಪ್ ಯೋಕ್ ಇರುವ ಜಾಗ, ಅಂದರೆ ಸ್ಪ್ಲೈನ್ ಜಾರುವ ಜಾಗವನ್ನು ಮೇಲೆ ಕೆಳಗೆ ಎತ್ತಿ ನೋಡಿ. ಲಡಲಡ ಅಂದರೆ ಅದಕ್ಕೆ ಕ್ರಾಸ್ ಬದಲಾಯಿಸಿ ಉಪಯೋಗವಿಲ್ಲ, ಶಾಫ್ಟೇ ಬದಲಾಗಬೇಕು. ಪಿನಿಯನ್ ಫ್ಲೇಂಜನ್ನೂ ಹಾಗೇ ಎತ್ತಿ ನೋಡಿ. ಅದು ಮೇಲೆ ಕೆಳಗೆ ಆಡಿದರೆ ಪಿನಿಯನ್ ಬೇರಿಂಗ್ ಹೋಗಿದೆ, ಆಗ ಮೆಕ್ಯಾನಿಕ್ ಹೇಳಿದ್ದೇ ಸರಿ.

ಯಾವ ಶಾಫ್ಟ್ ಅಂತ ಬೇರ್ಪಡಿಸುವುದು

ಮುಂದಿನ ಚಕ್ರಕ್ಕೆ ಫ್ರೀ ವೀಲ್ ಹಬ್ ಇದ್ದರೆ ಮೊದಲ ಪರೀಕ್ಷೆಗೆ ಸ್ಪಾನರೂ ಬೇಡ. 2ಎಚ್‌ನಲ್ಲಿ (ಹಿಂದಿನ ಚಕ್ರಕ್ಕೆ ಮಾತ್ರ ಬಲ) ಹಬ್ ಲಾಕ್ ಮಾಡಿ ಓಡಿಸಿ, ಆಮೇಲೆ ಹಬ್ ಫ್ರೀ ಮಾಡಿ ಓಡಿಸಿ. ಲಾಕ್ ಇದ್ದಾಗ ಚಕ್ರಗಳೇ ಮುಂದಿನ ಶಾಫ್ಟನ್ನು ತಿರುಗಿಸುತ್ತಿರುತ್ತವೆ, ಫ್ರೀ ಮಾಡಿದರೆ ಅದು ನಿಂತುಬಿಡುತ್ತದೆ. ಸದ್ದೂ ಜೊತೆಗೇ ನಿಂತರೆ ಮುಂದಿನ ಕಡೆ ನೋಡಿ. ಫ್ರೀ ವೀಲ್ ಹಬ್ ಇಲ್ಲದ ಹಳೆ ಜೀಪಿನಲ್ಲಿ ಮುಂದಿನ ಶಾಫ್ಟ್ ಯಾವಾಗಲೂ ತಿರುಗುತ್ತಲೇ ಇರುತ್ತದೆ. ಅದನ್ನು ಬಿಚ್ಚಿ ಇಟ್ಟೇ ನೋಡಬೇಕು.

ಸದ್ದು ಹಾಗೇ ಇದೆಯಾ? ಈಗ ಹಿಂದಿನ ಶಾಫ್ಟ್ ಬಿಚ್ಚಿ, ಹಬ್ ಲಾಕ್ ಮಾಡಿ, 4ಎಚ್ (ಫೋರ್ ವೀಲ್) ಹಾಕಿ ಮುಂದಿನ ಚಕ್ರದಲ್ಲೇ ನಿಧಾನಕ್ಕೆ ಓಡಿಸಿ ನೋಡಿ. ಸದ್ದು ಹೋದರೆ ಹಿಂದಿನ ಶಾಫ್ಟು, ಇಲ್ಲವೇ ಅದರ ಆಚೆ ಇರುವ ಪಿನಿಯನ್. ಕೈಯಲ್ಲಿ ಹಿಡಿದು ನೋಡಿದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಎರಡೂ ಸಲ ಸದ್ದು ಬಂದರೆ ಜಿಪ್ಸಿಯವರು ಆ ಗಿಡ್ಡ ಶಾಫ್ಟನ್ನು ನೆನಪಿಸಿಕೊಳ್ಳಿ. ಅದು 2ಎಚ್‌ನಲ್ಲೂ 4ಎಚ್‌ನಲ್ಲೂ ತಿರುಗುತ್ತದೆ. ಅದಕ್ಕೊಂದು ಚೆಂದದ ಪರೀಕ್ಷೆ ಇದೆ: ಗಾಡಿ ನಿಂತಲ್ಲೇ ಇರಲಿ, ಟ್ರಾನ್ಸ್‌ಫರ್ ಲಿವರನ್ನು ನ್ಯೂಟ್ರಲ್‌ಗೆ ತನ್ನಿ, ಎಂಜಿನ್ ಸ್ಟಾರ್ಟ್ ಮಾಡಿ ಗೇರ್ ಹಾಕಿ ಕ್ಲಚ್ ಬಿಡಿ. ಗಾಡಿ ಅಲ್ಲಾಡುವುದಿಲ್ಲ, ಗಿಡ್ಡ ಶಾಫ್ಟ್ ಮಾತ್ರ ತಿರುಗುತ್ತದೆ. ಸೀಟಿನಲ್ಲೇ ಕೂತು ಕೇಳಿಸಿಕೊಳ್ಳಿ. ಎಂಜಿನ್ ಓಡುತ್ತಿರುವಾಗ ಯಾರೂ ಕೆಳಗೆ ತಲೆ ಹಾಕಬೇಡಿ. ಶರ್ಟಿನ ತುದಿ, ಪಂಚೆ, ಟವೆಲ್ ಯಾವುದು ಸಿಕ್ಕಿದರೂ ಶಾಫ್ಟ್ ಬಿಡುವುದಿಲ್ಲ.

ಇನ್ನೊಂದು ಅಪಾಯ. ಕೆಲವು ಹಳೆ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಚಕ್ರದಲ್ಲಿ ಇರುವುದಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ ಒಂದು ಡ್ರಮ್ಮಿನಲ್ಲಿ ಇರುತ್ತದೆ. ಅಂಥ ಗಾಡಿಯಲ್ಲಿ ಹಿಂದಿನ ಶಾಫ್ಟ್ ಬಿಚ್ಚಿದ ಕ್ಷಣಕ್ಕೆ ಹ್ಯಾಂಡ್ ಬ್ರೇಕ್ ಇಲ್ಲದಂತಾಗುತ್ತದೆ. ಗೇರಿನಲ್ಲಿ ನಿಲ್ಲಿಸಿದ್ದೂ ಲೆಕ್ಕಕ್ಕಿಲ್ಲ. ಇಳಿಜಾರಿನಲ್ಲಿ ಆಗಿದ್ದರೆ ಗಾಡಿ ನಿಮ್ಮ ಮೇಲೇ ಉರುಳುತ್ತದೆ. ಆ ಕಲ್ಲುಗಳನ್ನು ಕೊನೆವರೆಗೂ ತೆಗೆಯಬೇಡಿ.

ಬಿಚ್ಚುವುದು, ಕ್ರಾಸ್ ಹಾಕುವುದು

ಬಿಚ್ಚುವ ಮೊದಲು ಪೇಂಟಿನಲ್ಲಿ ಗೆರೆ ಎಳೆಯಿರಿ. ಎರಡೂ ತುದಿಯ ಫ್ಲೇಂಜ್ ಜೋಡಿ ಮೇಲೆ ಒಂದೊಂದು, ಸ್ಲಿಪ್ ಯೋಕ್ ಮತ್ತು ಪೈಪಿನ ಮೇಲೆ ಒಂದು. ಸೀಮೆಸುಣ್ಣ ಬೇಡ, ಅಳಿಸಿಹೋಗುತ್ತದೆ. ಒಂದು ಕ್ರಾಸ್ ಓರೆಯಾಗಿ ತಿರುಗುವಾಗ ಒಂದೇ ವೇಗದಲ್ಲಿ ತಿರುಗುವುದಿಲ್ಲ, ಪ್ರತಿ ಸುತ್ತಿಗೂ ಎರಡು ಸಲ ವೇಗ ಏರಿ ಇಳಿಯುತ್ತದೆ. ಇನ್ನೊಂದು ತುದಿಯ ಕ್ರಾಸ್ ಅದೇ ಏರಿಳಿತವನ್ನು ತಿರುಗಾಮುರುಗ ಮಾಡಿ ಸರಿ ಹೊಂದಿಸುತ್ತದೆ. ಆದರೆ ಇದು ಆಗಬೇಕಾದರೆ ಶಾಫ್ಟಿನ ಎರಡೂ ತುದಿಯ ಯೋಕ್ ಕಿವಿಗಳು ಒಂದೇ ನೇರದಲ್ಲಿರಬೇಕು. ಸ್ಪ್ಲೈನಿನಲ್ಲಿ ಒಂದೆರಡು ಹಲ್ಲು ಆಚೆ ಈಚೆ ಸೇರಿಸಿದರೆ ಹೊಸ ಕ್ರಾಸ್ ಹಾಕಿಯೂ ಗಾಡಿ ಮೊದಲಿಗಿಂತ ಜಾಸ್ತಿ ನಡುಗುತ್ತದೆ. 'ಸಾಮಾನು ಡೂಪ್ಲಿಕೇಟ್' ಅಂತ ಅಂಗಡಿಯವನನ್ನು ಬೈಯುವ ಮೊದಲು ಇದನ್ನು ನೋಡಿ.

ಎರಡೂ ತುದಿಗೆ ಫ್ಲೇಂಜ್ ಇರುವ ಶಾಫ್ಟಾದರೆ ನಾಲ್ಕು ನಾಲ್ಕು ಬೋಲ್ಟ್ ಬಿಚ್ಚಿದರೆ ಕೈಗೆ ಬರುತ್ತದೆ. ಒಂದು ತುದಿ ಗೇರ್ ಬಾಕ್ಸಿನ ಒಳಕ್ಕೇ ಹೋಗುವಂಥದ್ದಾದರೆ ಎಳೆದ ತಕ್ಷಣ ಆಯಿಲ್ ಸುರಿಯುತ್ತದೆ, ಮೊದಲೇ ಆಯಿಲ್ ಇಳಿಸಿಕೊಳ್ಳಿ.

ಕ್ರಾಸ್ ತೆಗೆಯುವ ಕೆಲಸದಲ್ಲಿ ಸುತ್ತಿಗೆಯೇ ದೊಡ್ಡ ಶತ್ರು. ಕಪ್‌ಗಳನ್ನು ಹಿಡಿದಿರುವ ನಾಲ್ಕು ಸರ್ಕ್ಲಿಪ್ (ಸ್ಪ್ರಿಂಗ್ ಬಳೆ) ತೆಗೆದು, ತುಕ್ಕು ಹಿಡಿದಿದ್ದರೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿಯೆಲ್ಲ ಬಿಡಿ. ಬೆಳಗ್ಗೆ ವೈಸ್‌ನಲ್ಲಿ ಎರಡು ಸಾಕೆಟ್ ಇಟ್ಟು ಒತ್ತಿ. ಕಪ್ಪಿಗಿಂತ ಚಿಕ್ಕ ಸಾಕೆಟ್ ಒಂದು ಕಡೆಯಿಂದ ತಳ್ಳುತ್ತದೆ, ಕಪ್ಪಿಗಿಂತ ದೊಡ್ಡದು ಇನ್ನೊಂದು ಕಡೆ ಹೊರಬರುವ ಕಪ್ಪಿಗೆ ಜಾಗ ಕೊಡುತ್ತದೆ. ಶಾಫ್ಟಿನ ಪೈಪನ್ನು ವೈಸ್‌ನಲ್ಲಿ ಕಚ್ಚಿಸಬೇಡಿ, ಅಮುಕಿಹೋಗುತ್ತದೆ. ಯೋಕಿನ ಕಿವಿಗೆ ಸುತ್ತಿಗೆಯಲ್ಲಿ ಬಾರಿಸಿದರೆ ಕಿವಿ ಬಾಗುತ್ತದೆ, ಹೊಸ ಕ್ರಾಸ್ ಹುಟ್ಟುವಾಗಲೇ ಬಿಗಿಯಾಗಿ ಹುಟ್ಟುತ್ತದೆ.

ಹಳೆ ಕಪ್ ಬಂದ ಮೇಲೆ ಯೋಕಿನ ತೂತು ಒರೆಸಿ, ಹೊಸ ಕಪ್ಪನ್ನು ಬೆರಳಲ್ಲಿ ತಳ್ಳಿ ನೋಡಿ. ಬೆರಳಿಗೇ ಸಲೀಸಾಗಿ ಜಾರಿದರೆ ತೂತು ಸವೆದಿದೆ. ಕೆಲವರು ಇಲ್ಲಿ ಸುತ್ತ ಪಂಚ್ ಹೊಡೆದು 'ಟೈಟ್ ಆಯ್ತು' ಅಂತ ಕಳಿಸುತ್ತಾರೆ. ಒಪ್ಪಬೇಡಿ. ಒಂದು ಟೊಮೆಟೊ ಸೀಸನ್ ಕೂಡ ಬಾಳುವುದಿಲ್ಲ. ಯೋಕ್ ಅಥವಾ ಶಾಫ್ಟ್ ಬದಲಾಯಿಸಿ.

ಹೊಸ ಕ್ರಾಸ್ ಹಾಕುವಾಗ ಕಪ್ಪಿನೊಳಗೆ ಗ್ರೀಸ್ ಬಳಿದು ನೀಡಲ್‌ಗಳನ್ನು ನಿಲ್ಲಿಸಿಕೊಳ್ಳಿ. ಒಂದೇ ಒಂದು ನೀಡಲ್ ಒಳಗೆ ಅಡ್ಡ ಬಿದ್ದರೂ ಕಪ್ ಪೂರ್ತಿ ಇಳಿಯುವುದಿಲ್ಲ, ಸರ್ಕ್ಲಿಪ್ ಕೂರುವುದಿಲ್ಲ. ಆಗ ಜೋರು ಮಾಡದೆ ವಾಪಸ್ ತೆಗೆದು ನೋಡಿ. ನಾಲ್ಕೂ ಸರ್ಕ್ಲಿಪ್ ತಮ್ಮ ಗ್ರೂವಿನೊಳಗೆ ಸರಿಯಾಗಿ ಕೂತ ಮೇಲೆ ಯೋಕಿನ ಕಿವಿಗೆ ಹಗುರವಾಗಿ ತಟ್ಟಿ. ಕ್ರಾಸ್ ಎಲ್ಲ ದಿಕ್ಕಿಗೂ ಒಂದೇ ಸಮ ಆಡಬೇಕು, ಎಲ್ಲೂ ಹಿಡಿಯಬಾರದು. ಗ್ರೀಸ್ ನಿಪ್ಪಲ್ ಗನ್ನಿಗೆ ಎಟುಕುವ ಕಡೆ ಇರಲಿ. ಹಾಕುವಾಗ ಇದನ್ನು ಮರೆತರೆ ಮುಂದೆ ಯಾರೂ ಅದಕ್ಕೆ ಗ್ರೀಸ್ ಹೊಡೆಯುವುದಿಲ್ಲ.

ಲಿಥಿಯಂ ಇಪಿ 2 ನಂಬರ್ ಗ್ರೀಸ್ ಸಾಕು. ನಾಲ್ಕೂ ಕಪ್ಪಿನ ಸೀಲಿನಿಂದ ಹೊಸ ಗ್ರೀಸ್ ಇಣುಕುವವರೆಗೂ ಹೊಡೆಯಿರಿ. ಒಂದು ಕಪ್ಪಿನಿಂದ ಮಾತ್ರ ಬರದಿದ್ದರೆ ಶಾಫ್ಟನ್ನು ಅಲ್ಲಾಡಿಸಿ ಮತ್ತೆ ಹೊಡೆಯಿರಿ. ಸ್ಪ್ಲೈನಿಗೆ ಮಾತ್ರ ಮಿತವಾಗಿ, ಅಲ್ಲಿ ತುಂಬಿ ತುಳುಕಿದರೆ ಸ್ಪ್ರಿಂಗ್ ಕುಸಿದಾಗ ಒಳಗೆ ಜಾರಲು ಜಾಗವೇ ಇರುವುದಿಲ್ಲ. ಫ್ಲೇಂಜಿನ ಬೋಲ್ಟು ಹಾರ್ಡ್‌ವೇರ್ ಅಂಗಡಿಯ ಯಾವುದೋ ಮೃದು ಬೋಲ್ಟಲ್ಲ, ಮೊದಲಿದ್ದ ಗ್ರೇಡಿನದೇ ಬೇಕು, ತಲೆ ಮೇಲಿನ ನಂಬರ್ ನೋಡಿ ತನ್ನಿ. ಒಂದು ಲೋಡ್ ಹೊಡೆದು ಬಂದ ಮೇಲೆ ಮತ್ತೆ ಬಿಗಿ ನೋಡಿ.

ಶಾಫ್ಟೇ ಬದಲಾಯಿಸುವುದಾದರೆ

ಪೈಪ್ ಬಾಗಿದೆಯಾ ಅಂತ ತಿಳಿಯಲು ಹಿಂದಿನ ಒಂದು ಚಕ್ರ ಎತ್ತಿ ಸ್ಟ್ಯಾಂಡ್ ಕೊಟ್ಟು, ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಗೇರ್ ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಬಿಟ್ಟು ಶಾಫ್ಟನ್ನು ಕೈಯಲ್ಲಿ ತಿರುಗಿಸಿ. ಒಂದು ಮೊಳೆಯನ್ನು ಪೈಪಿನ ಹತ್ತಿರ ಅಲ್ಲಾಡದಂತೆ ಹಿಡಿದರೆ ಸಂದು ಹಿಗ್ಗಿ ಕುಗ್ಗುವುದು ಕಾಣುತ್ತದೆ. ಕಣ್ಣಿಗೇ ಕಂಡರೆ ಅದು ಜಾಸ್ತಿಯೇ.

ಹೊಸದು ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ, ಇಲ್ಲವೇ ಶಿವಾಜಿನಗರದ ಗುಜರಿ. ಹಳೆ ಶಾಫ್ಟ್ ತರುವಾಗ ಉದ್ದ ಅಳೆದುಕೊಂಡು ಹೋಗಿ, ಅಳತೆ ತೆಗೆಯುವಾಗ ಗಾಡಿ ತನ್ನ ಚಕ್ರದ ಮೇಲೇ ನಿಂತಿರಲಿ. ಲೇತಿನಲ್ಲಿ ಪೈಪ್ ಕತ್ತರಿಸಿ ಬೆಸೆಸುವುದಾದರೆ ಯೋಕ್ ಕಿವಿಗಳು ನೇರ ಇರಬೇಕು, ಬ್ಯಾಲೆನ್ಸಿಂಗ್ ಮಷೀನ್ ಇರುವವರ ಹತ್ತಿರವೇ ಮಾಡಿಸಬೇಕು. ಬರೀ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ್ದು ನಲವತ್ತರವರೆಗೆ ಚೆನ್ನಾಗಿಯೇ ಇರುತ್ತದೆ, ಆಮೇಲೆ ಹಾಡುತ್ತದೆ.

ಎಲ್ಲ ಸರಿ ಇದ್ದೂ ಖಾಲಿ ಗಾಡಿ ಮಾತ್ರ ನಡುಗಿದರೆ ಸ್ಪ್ರಿಂಗ್ ನೋಡಿ. 15 ಕೆಜಿಯ ಟೊಮೆಟೊ ಕ್ರೇಟ್ 30 ಹಾಕಿದರೆ 450 ಕೆಜಿ ಆಯ್ತು. ಕೋಲಾರ ಮಂಡಿಗೆ ಅಷ್ಟು ಹೊರಲಿ ಅಂತ ಒಂದೆರಡು ಪ್ಲೇಟ್ ಜಾಸ್ತಿ ಹಾಕಿಸುತ್ತಾರೆ. ಲೋಡ್ ಇದ್ದಾಗ ಸರಿಯಾಗಿರುತ್ತದೆ, ಖಾಲಿಯಾದಾಗ ಹಿಂಭಾಗ ಎದ್ದು ನಿಂತು ಕ್ರಾಸಿನ ಓರೆ ಜಾಸ್ತಿಯಾಗುತ್ತದೆ. ಎಷ್ಟು ಕ್ರಾಸ್ ಬದಲಾಯಿಸಿದರೂ ಅದು ಹೋಗುವುದಿಲ್ಲ.

ಮುಂದಿನ ಆಕ್ಸಲ್ ತುದಿಯ 'ಕಟ ಕಟ' ಜಾಯಿಂಟ್ ಮನೆ ಮುಂದೆ ಮಾಡುವ ಕೆಲಸ ಅಲ್ಲ. ಹಬ್, ಬೇರಿಂಗ್, ಕಿಂಗ್ ಪಿನ್ ಎಲ್ಲ ಬರುತ್ತದೆ. ನೀವು ನೋಡಬೇಕಾದ್ದು ಒಂದೇ: ಚಕ್ರದ ಹಿಂದಿನ ಗುಂಡು ಭಾಗದಿಂದ ಗ್ರೀಸ್ ತೆಳ್ಳಗಾಗಿ ಆಯಿಲ್ ಥರ ಸೋರುತ್ತಿದ್ದರೆ ಒಳಗಿನ ಸೀಲ್ ಹೋಗಿ ಕ್ರೌನಿನ ಆಯಿಲ್ ಅಲ್ಲಿಗೆ ಬಂದಿದೆ. ಬೇಗ ಸೀಲ್ ಹಾಕಿಸಿದರೆ ಜಾಯಿಂಟ್ ಉಳಿಯುತ್ತದೆ. ಮತ್ತೆ ಒಣ ಟಾರ್ ರಸ್ತೆಯಲ್ಲಿ 'ಗ್ರಿಪ್ ಜಾಸ್ತಿ' ಅಂತ 4ಎಚ್ ಹಾಕಿ ಓಡಿಸುವುದನ್ನು ಬಿಡಿ. ಮುಂದಿನ, ಹಿಂದಿನ ಶಾಫ್ಟ್ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಈ ಗಾಡಿಗಳ ನಡುವೆ ಇಲ್ಲ, ತಿರುವಿನಲ್ಲಿ ಮುಂದಿನ ಚಕ್ರಕ್ಕೂ ಹಿಂದಿನದಕ್ಕೂ ಜಗಳ ಬಿದ್ದು ಪೆಟ್ಟು ತಿನ್ನುವುದು ಕ್ರಾಸು. ಮಣ್ಣಿನ ದಾರಿಯಲ್ಲಿ ಮಾತ್ರ ತಿಂಗಳಿಗೊಮ್ಮೆ ಹಾಕಿ ಓಡಿಸಿ, ಇಲ್ಲದಿದ್ದರೆ ಮುಂದಿನ ಕ್ರಾಸುಗಳು ನಿಂತಲ್ಲೇ ಒಣಗುತ್ತವೆ.

ತೋಟದ ದಾರಿಯಲ್ಲೇ ಹಿಂದಿನ ಕ್ರಾಸ್ ಮುರಿದರೆ ಟೋಯಿಂಗ್‌ಗೆ ಫೋನ್ ಮಾಡಬೇಕಿಲ್ಲ. ಫ್ಲೇಂಜ್ ಬೋಲ್ಟಿನ ಸೈಜಿನ ಎರಡು ಸ್ಪಾನರ್ ಗಾಡಿಯಲ್ಲೇ ಇಟ್ಟಿರಿ. ಚಕ್ರಕ್ಕೆ ಕಲ್ಲು ಕೊಟ್ಟು, ಹಿಂದಿನ ಶಾಫ್ಟ್ ಪೂರ್ತಿ ಬಿಚ್ಚಿ ಹಿಂದೆ ಹಾಕಿ. ಒಂದು ತುದಿ ಮಾತ್ರ ಬಿಚ್ಚಿ ಹಗ್ಗದಲ್ಲಿ ಕಟ್ಟುವ ಕೆಲಸ ಬೇಡ, ಹಗ್ಗ ಹರಿದು ಅದು ನೆಲಕ್ಕೆ ಕಚ್ಚಿದರೆ ಗಾಡಿಯನ್ನೇ ಎತ್ತಿಹಾಕುತ್ತದೆ. ಲೋಡ್ ಇಳಿಸಿ, ಹಬ್ ಲಾಕ್ ಮಾಡಿ, 4ಎಚ್ ಹಾಕಿ, ಇಪ್ಪತ್ತು ಮೂವತ್ತರ ಸ್ಪೀಡಿನಲ್ಲಿ ಮುಂದಿನ ಚಕ್ರದಲ್ಲೇ ಮನೆಗೆ ಬನ್ನಿ.